ಸುಟ್ಟ ಗಾಳ

ಮಾವ ಎರೆದ ಜಿಗ್ಗುಗಳನ್ನು ಒಡೆಯುವುದಕ್ಕೆ ಚಂದ್ರಲೇಖಾಗೆ ದಿನಕ್ಕೆ ಎರಡು ಗಂಟೆ ಸಿಗುತ್ತಿತ್ತು. ಫಸ್ಟ್ ಶಿಫ್ಟ್ ಮುಗಿಸಿ ಕಂಪನಿ ಬಸ್ಸಿನಲ್ಲಿ ಬಂದು ಹೊಸೂರಿನ ಮೂಕಂಡಪಲ್ಲಿಯ ತಿರುವಿನಲ್ಲಿ ಇಳಿದು ಮನೆ ಸೇರುವಾಗ ಮೂರು ಗಂಟೆ. ಅಷ್ಟರಲ್ಲಿ ಮಾವ ಚಿನ್ನಸ್ವಾಮಿಯವರು ಊಟ ಮುಗಿಸಿ, ರಿಟೈರಾದ ಹಳೇ ಗೆಳೆಯರು ಕೂಡುವ ಟೀ ಅಂಗಡಿಗೆ ಹೋಗಿರುತ್ತಿದ್ದರು. ಅವರು ವಾಪಸಾಗುವುದು ಐದಕ್ಕೆ. ಆ ನಡುವಿನ ಹೊತ್ತಿನಲ್ಲಿ ಅವಳು ತಾರಸಿ ಹತ್ತಿ, ನೀರಿನ ಟ್ಯಾಂಕಿನ ನೆರಳಿನಲ್ಲಿ ಗೋಣಿತಾಟು ಹಾಸಿ, ಕಟಿಂಗ್ ಪ್ಲೇಯರ್ ಹಿಡಿದು ಕೂರುತ್ತಿದ್ದಳು.

ಜಿಗ್ಗು ಎಂದರೆ ದೊಡ್ಡದೇನಲ್ಲ. ಒಂದು ಉದ್ದನೆಯ ಗಾಳ, ಅದರ ಕೊರಳಿಗೆ ಕಡಲೇಕಾಯಿ ಬೀಜದಷ್ಟು ಸೀಸದ ತಲೆ. ದಾರ ಕಟ್ಟಿ ಬೀಸಿದರೆ ಆ ಭಾರಕ್ಕೆ ದೂರ ಹೋಗಿ ಬೀಳುತ್ತದೆ, ಎಳೆದರೆ ನೀರಿನ ತಳದಲ್ಲಿ ಕುಪ್ಪಳಿಸುತ್ತಾ ಬರುತ್ತದೆ. ಕೊರಮೀನು ಅದನ್ನು ಮರಿಮೀನೆಂದು ನಂಬಿ ಬಾಯಿ ಹಾಕುತ್ತದೆ. ಮಾವ ಇವನ್ನು ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ತಾವೇ ಎರೆಯುತ್ತಿದ್ದರು. ಟಯರ್ ಅಂಗಡಿಯವರು ಬಿಸಾಡುವ ಸೀಸದ ತುಂಡು ಕರಗಿಸಿ, ತಾವೇ ಕೊರೆದ ಅಲ್ಯೂಮಿನಿಯಂ ಅಚ್ಚಿನಲ್ಲಿ ಗಾಳ ಕೂರಿಸಿ, ಚಿಕ್ಕ ಸೌಟಿನಿಂದ ಹೊಯ್ಯುವುದು. ಆ ಹೊತ್ತಿನಲ್ಲಿ ಮೊಮ್ಮಗಳು ಭಾನು ಶೆಡ್ಡಿನ ಕಡೆ ಸುಳಿಯಕೂಡದು, ಹೊಗೆ ಒಳ್ಳೆಯದಲ್ಲ ಎಂದು ಅವರದೇ ಕಟ್ಟಪ್ಪಣೆ.

ಚಂದ್ರಲೇಖಾ ಆ ಸೀಸದ ತಲೆಗಳನ್ನು ಒಂದೊಂದಾಗಿ ಒಡೆದು ಗಾಳ ಬಿಡಿಸುತ್ತಿದ್ದಳು. ಮೊದಲು ಹಳೇ ಚಾಕುವಿನಿಂದ ತಲೆಯ ಸುತ್ತ ಒಂದು ಗೀರು, ಆಮೇಲೆ ಪ್ಲೇಯರ್‌ನಿಂದ ಅಮುಕುವುದು. ಸೀಸ ಮೆತ್ತಗಿನ ಲೋಹ, ಹದವಾಗಿ ಅಮುಕಿದರೆ ಹುಣಸೆಬೀಜದಂತೆ ಎರಡು ಹೋಳಾಗುತ್ತದೆ. ಒಳಗಿನ ಗಾಳವನ್ನು ಸೀಮೆಎಣ್ಣೆಯಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಪ್ಲಾಸ್ಟಿಕ್ ಕವರಿಗೆ ಹಾಕಿ, ಎರಡು ದಿನ ಬಿಟ್ಟು ಮಾವನ ಕೈಗೆ ಕೊಡುತ್ತಿದ್ದಳು.

"ಹೊಸ ಗಾಳ ಬಂದವೆ ಮಾವ."

"ಹೋದ ಸಲದ್ದು?"

"ಎಲ್ಲಾ ಮಾರಿಹೋದ್ವು."

ಸೀಸದ ಚೂರುಗಳನ್ನು ಟಯರ್ ಅಂಗಡಿಯ ಡಬ್ಬಿಗೆ ಬೆರೆಸಿಬಿಟ್ಟರೆ ಮುಗಿಯಿತು. ಸೀಸಕ್ಕೆ ಗುರುತಿಲ್ಲ, ಕರಗಿದರೆ ಎಲ್ಲಾ ಒಂದೇ. ಹೀಗೆ ಅದೇ ಸೀಸ, ಅದೇ ಗಾಳ ಮಾವನ ಕೈಯಿಂದ ಅವಳ ಕೈಗೆ, ಅವಳ ಕೈಯಿಂದ ಮಾವನ ಕೈಗೆ ದೀಪಾವಳಿಯಿಂದ ಸುತ್ತು ಹೊಡೆಯುತ್ತಿದ್ದವು.

ಚಿನ್ನಸ್ವಾಮಿಯವರು ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಫೌಂಡ್ರಿಯಲ್ಲಿ ಮೂವತ್ತೊಂದು ವರ್ಷ ಎರಕ ಹೊಯ್ದವರು. ಜವಳಗಿರಿ ಕಡೆಯ ಹಳ್ಳಿಯಿಂದ ಹದಿನೆಂಟಕ್ಕೆ ಬಂದು ಮರಳು ಹೊರುವ ಕೆಲಸಕ್ಕೆ ಸೇರಿ, ಇಪ್ಪತ್ತೈದಾಗುವಷ್ಟರಲ್ಲಿ ಸೌಟು ಹಿಡಿದಿದ್ದರು. ಕಾದ ಲೋಹದ ಬಣ್ಣ ನೋಡಿಯೇ ಹದ ಹೇಳುತ್ತಿದ್ದರಂತೆ. ರಿಟೈರಾದ ಮೇಲೆ, ಹೆಂಡತಿ ತೀರಿಕೊಂಡ ವರ್ಷ, ಕೈ ಸುಮ್ಮನಿರಲಾರದೆ ಈ ಜಿಗ್ಗಿನ ಕೆಲಸ ಶುರು ಮಾಡಿದರು. ಕೃಷ್ಣಗಿರಿಯಲ್ಲಿ ಡ್ಯಾಮಿಗೆ ಹೋಗುವ ರಸ್ತೆಯಲ್ಲಿ ಮೀನು ಹಿಡಿಯುವ ಸಾಮಾನಿನ ಅಂಗಡಿ ಇಟ್ಟಿದ್ದ ಜಗನ್ ಬೇಕಾದ ಗಾಳ ಕೊಟ್ಟು, ಎರೆದ ಜಿಗ್ಗುಗಳನ್ನು ಕೊಂಡುಕೊಳ್ಳುತ್ತಿದ್ದ. ಚಂದ್ರಲೇಖಾ ಪೊಟ್ಟಣ ಕಟ್ಟಿ ಹೊಸೂರು ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಕೈಗೆ ಕೊಟ್ಟರೆ ಅಲ್ಲಿ ಇಳಿಸಿಕೊಳ್ಳುತ್ತಿದ್ದ. ಬಂದ ದುಡ್ಡಿನ ಮಾತನ್ನು ಮಾವ ಎತ್ತಿದವರೇ ಅಲ್ಲ. ಯಾರೋ ತಾವು ಎರೆದ ಜಿಗ್ಗಿನಲ್ಲಿ ಮೊಳದುದ್ದದ ಕೊರಮೀನು ಎಳೆದರಂತೆ ಎಂಬ ಸುದ್ದಿ ಬಂದರೆ ಸಾಕು, ಆ ದಿನ ಎರಡು ತುತ್ತು ಜಾಸ್ತಿ ಉಣ್ಣುತ್ತಿದ್ದರು.

ಆಮೇಲೆ ಕೈ ನಡುಗಲು ಶುರುವಾಯಿತು. ಮೊದಲು ಬಲಗೈ ಹೆಬ್ಬೆರಳು, ಆಮೇಲೆ ಇಡೀ ಕೈ. ನರದ ಡಾಕ್ಟರು ಮಾತ್ರೆ ಬರೆದುಕೊಟ್ಟು, ಇದು ವಾಸಿಯಾಗುವ ಕಾಯಿಲೆಯಲ್ಲ, ನಿಧಾನ ಮಾಡಬಹುದು ಅಷ್ಟೇ ಎಂದರು. ಬೆಳಗಿನ ಮಾತ್ರೆ ನುಂಗಿದ ಮೇಲೆ ಎರಡು ಗಂಟೆ ಹೊತ್ತು ನಡುಕ ಕಡಿಮೆಯಾಗುತ್ತಿತ್ತು. ಮಾವ ಆ ಎರಡು ಗಂಟೆಯನ್ನು ಶೆಡ್ಡಿಗೆ ಎತ್ತಿಟ್ಟಿದ್ದರು.

ಎರಕಕ್ಕೆ ಅದು ಸಾಕಾಗುತ್ತಿರಲಿಲ್ಲ. ಸೀಸವನ್ನು ಒಂದೇ ಧಾರೆಯಲ್ಲಿ ಹೊಯ್ಯಬೇಕು. ಕೈ ನಡುಗಿ ಧಾರೆ ಕಡಿದರೆ ಮೊದಲು ಬಿದ್ದದ್ದು ಆರಿ, ಮೇಲೆ ಬಿದ್ದದ್ದು ಅದಕ್ಕೆ ಕೂಡದೆ, ತಲೆಯೊಳಗೆ ಕಾಣದ ಬಿರುಕು ನಿಲ್ಲುತ್ತದೆ. ಅಂಥದೊಂದು ಜಿಗ್ಗು ಡ್ಯಾಮಿನಲ್ಲಿ ದೊಡ್ಡ ಮೀನು ಕಚ್ಚಿದ ಹೊತ್ತಿಗೆ ಸರಿಯಾಗಿ ಒಡೆಯಿತು. ಮೀನು ಹೋಯಿತು. ಹಿಡಿಯಲು ಬಂದಿದ್ದ ಗಿರಾಕಿ ಜಗನ್ನನ ಅಂಗಡಿ ಮುಂದೆ ನಿಂತು ಹತ್ತು ಜನರೆದುರು ಕೂಗಾಡಿದ. ದೀಪಾವಳಿಯ ಮುಂದಿನ ವಾರ ಜಗನ್ ಚಂದ್ರಲೇಖಾಗೆ ಫೋನ್ ಮಾಡಿ ಕರೆಸಿಕೊಂಡು, ಒಂದು ಚೀಲ ಎತ್ತಿ ಗಲ್ಲಾದ ಮೇಲಿಟ್ಟ.

"ತಪ್ಪು ತಿಳ್ಕೋಬೇಡಿ ಅಕ್ಕಾ. ಪೆರಿಯವರ, ನಿಮ್ ಮಾವನ ಮೇಲೆ ನಂಗೆ ಮರ್ಯಾದೆ ಐತೆ. ಆದ್ರೆ ಇನ್ನು ವೇಣಾಂ, ಬ್ಯಾಡ. ನೀವೇ ನೋಡಿ, ದಾರ ಕಟ್ಟೋ ಕಣ್ಣಲ್ಲಿ ಸೀಸ ತುಂಬ್ಕೊಂಡೈತೆ. ಇದು ಅರ್ಧ ತಲೆ. ಇದ್ರಲ್ಲಿ ಗಾಳಾನೇ ಸೊಟ್ಟ ಕೂತೈತೆ. ನಾನ್ ಯಾರಿಗೆ ಮಾರ್ಲಿ?"

ಅವಳಿಗೆ ಯಾರೂ ತೋರಿಸಬೇಕಾಗಿರಲಿಲ್ಲ. ಅವಳ ಕೆಲಸವೇ ಅದು. ಲಾರಿಗಳಿಗೆ ಬಿಡಿಭಾಗ ಮಾಡುವ ಕಂಪನಿಯಲ್ಲಿ ಒಂಬತ್ತು ವರ್ಷದಿಂದ ಟ್ಯೂಬ್‌ಲೈಟಿನ ಕೆಳಗೆ ನಿಂತು ತುಂಡು ತುಂಡನ್ನೂ ಕಣ್ಣಿಂದ ನೋಡಿ ಓಕೆ, ರಿಜೆಕ್ಟ್ ಎಂದು ಬೇರೆ ಮಾಡುವವಳು. ಆ ಚೀಲದಲ್ಲಿ ಓಕೆ ಎನ್ನುವಂಥದ್ದು ಹತ್ತು ಸಿಕ್ಕಿದ್ದರೆ ಹೆಚ್ಚು.

ವಾಪಸು ಬರುವ ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತು, ಹೇಗೆ ಹೇಳಲಿ ಎಂದು ಯೋಚಿಸಿದಳು. ಶೂಲಗಿರಿ ದಾಟುವಾಗ ಹೇಳುವುದು ಬೇಡ ಎಂದು ತೀರ್ಮಾನವಾಗಿತ್ತು. ಮದುವೆಯಾಗಿ ಬಂದ ಹೊಸತರಲ್ಲಿ, ಸೊಸೆ ಫ್ಯಾಕ್ಟರಿಗೆ ಹೋಗುವುದು ಬೇಡ ಎಂದು ಗಂಡ ಕುಮಾರೇಶನೂ ಅತ್ತೆಯೂ ಒಂದಾಗಿ ನಿಂತಾಗ, ತಮ್ಮ ಟಿವಿಎಸ್ ಗಾಡಿಯಲ್ಲಿ ಅವಳನ್ನು ಕೂರಿಸಿಕೊಂಡು ಇಂಟರ್‌ವ್ಯೂಗೆ ಬಿಟ್ಟು ಬಂದವರು ಈ ಮಾವ. "ಕೈಯಾಗೆ ಕೆಲ್ಸ ಇದ್ರೆ ಮನುಷ್ಯ ನೆಟ್ಟಗೆ ನಿಂತ್ಕೊತಾನೆ ಕಣಮ್ಮ" ಎಂದಿದ್ದರು. ಅಂಥವರಿಗೆ ನಿಮ್ಮ ಕೈ ಕೆಲಸಕ್ಕೆ ಬಾರದು ಎಂದು ಯಾವ ಬಾಯಲ್ಲಿ ಹೇಳುವುದು?

ಕುಮಾರೇಶನಿಗೆ ಮಾತ್ರ ಹೇಳಿದಳು. ಅವನು ಫೋನಿನಿಂದ ಕಣ್ಣೆತ್ತದೆ, "ಎಷ್ಟು ದಿನಾಂತ ಒಡೀತೀಯ? ಕಾಲು ನೀಡ್ಕೊಂಡು ಕೂತ್ಕೊಳ್ಳಿ ಬಿಡು, ವಯಸ್ಸಾಯ್ತಲ್ಲ" ಎಂದ. ಅವನು ಕೆಟ್ಟವನಲ್ಲ. ಅಪ್ಪನ ಕೈ ನೋಡಲಾರದೆ ಅವನು ಶೆಡ್ಡಿನ ಕಡೆ ಹೋಗುವುದನ್ನೇ ಬಿಟ್ಟಿದ್ದ, ಅಷ್ಟೇ.

ಶಿವರಾತ್ರಿ ಬರುವ ಮಾಸಿ ತಿಂಗಳಲ್ಲಿ ಅವಳ ಕಂಪನಿಗೆ ಆಡಿಟ್ ಬಂತು. ಎರಡು ವಾರ ದಿನವೂ ಓವರ್‌ಟೈಮ್. ಮನೆ ಸೇರುವಾಗ ಮಾವ ಟೀ ಅಂಗಡಿಯಿಂದ ಬಂದು ಜಗಲಿಯಲ್ಲಿ ಕೂತಿರುತ್ತಿದ್ದರು. ತಾರಸಿ ಹತ್ತುವಂತಿರಲಿಲ್ಲ. ಒಡೆಯದ ಜಿಗ್ಗುಗಳು ಅಕ್ಕಿ ಡ್ರಮ್ಮಿನ ಹಿಂದೆ ನೂರೆಂಬತ್ತರ ತನಕ ಕೂಡಿಬಿದ್ದವು. ಇತ್ತ ಮಾವನ ಹತ್ತಿರ ಗಾಳ ಮುಗಿಯುತ್ತಾ ಬಂತು.

"ಜಗನ್ನಂಗೆ ಫೋನ್ ಮಾಡಮ್ಮ. ಇನ್ನು ಒಂದ್ ವಾರಕ್ಕಾಗೋವಷ್ಟು ಐತೆ" ಎಂದು ದಿನಾ ಕೇಳತೊಡಗಿದರು.

ಅದೇ ಹೊತ್ತಿಗೆ ಜವಳಗಿರಿ ಹತ್ತಿರ ಅವರ ಚಿಕ್ಕಪ್ಪನ ಮಗ ಮುತ್ತರಾಯಪ್ಪ ತೀರಿಕೊಂಡು, ತಿಥಿಗೆಂದು ಮಾವ ಎರಡು ದಿನ ಊರಿಗೆ ಹೋದರು. ಚಂದ್ರಲೇಖಾ ಆ ಶನಿವಾರ ಶಿಫ್ಟ್ ಮುಗಿಸಿ ಬಂದವಳು ನೂರೆಂಬತ್ತನ್ನೂ ಮುಂದಿಟ್ಟುಕೊಂಡು ಕೂತಳು. ಇಪ್ಪತ್ತು ಒಡೆಯುವಷ್ಟರಲ್ಲಿ ಮುಂಗೈ ಸೆಳೆಯತೊಡಗಿತು. ಎರಡು ವಾರ ನಿಂತು ನಿಂತು ಸೊಂಟ ಬಿದ್ದುಹೋಗಿತ್ತು. ಕಣ್ಣು ಉರಿಯುತ್ತಿತ್ತು. ಪ್ಲೇಯರ್ ಜಾರಿ ಎಡಗೈ ಬೆರಳಿನ ಚರ್ಮ ಕಿತ್ತಾಗ ಅವಳು ಎದ್ದು ಶೆಡ್ಡಿಗೆ ಹೋದಳು. ಮಾವನ ಸ್ಟೌ ಹಚ್ಚಿ, ಉಳಿದ ನೂರರವತ್ತನ್ನೂ ಕಬ್ಬಿಣದ ಬಾಣಲೆಗೆ ಸುರಿದಳು.

ಕಾಲು ಗಂಟೆಯ ಕೆಲಸ. ಸೀಸ ಪಾಯಸದಂತೆ ಕರಗಿ ತಳಕ್ಕಿಳಿಯಿತು, ಗಾಳಗಳು ಮೇಲೆ ತೇಲಿದವು. ಇಕ್ಕಳದಲ್ಲಿ ಎತ್ತಿ ನೀರಿಲ್ಲದ ಬಾಂಡ್ಲಿಗೆ ಹಾಕಿದಳು. ಆರಿದ ಮೇಲೆ ನೋಡಿದರೆ ಕೆಲವು ನೀಲಿ, ಕೆಲವು ಮಸಿಬಣ್ಣ. ಬೂದಿ ಹಾಕಿ ತಿಕ್ಕಿ, ಹೊಲಿಗೆ ಯಂತ್ರದ ಎಣ್ಣೆ ಸವರಿದಾಗ ಹೊಸದರಂತೆಯೇ ಹೊಳೆದವು. ಇಷ್ಟು ದಿನ ಇದನ್ನೇ ಯಾಕೆ ಮಾಡಲಿಲ್ಲ ಎಂದುಕೊಂಡಳು. ಗಾಳವನ್ನು ಬೆಂಕಿಗೆ ತೋರಿಸಬಾರದು ಎಂದು ಮಾವ ಯಾವಾಗಲೋ ಹೇಳಿದ ನೆನಪು ಮಸುಕಾಗಿ ಇತ್ತು. ಅದನ್ನು ಕೆದಕಲಿಲ್ಲ. ಅವಳ ಕೆಲಸ ಕಣ್ಣಿನದು. ಕಂಪನಿಯಲ್ಲಿ ಗಡಸುತನ ನೋಡುವ ಡಿಪಾರ್ಟ್‌ಮೆಂಟೇ ಬೇರೆ.

ಮಾವ ಭಾನುವಾರ ಸಂಜೆಗೆ ಬಂದರು. ಸೋಮವಾರ ಯಾವುದೋ ರಜೆಯಾಗಿ ಎಲ್ಲರೂ ಮನೆಯಲ್ಲಿದ್ದರು. ಬೆಳಗಿನ ಮಾತ್ರೆ ನುಂಗಿ, ಹೊಸ ಗಾಳದ ಕವರು ಹಿಡಿದು ಮಾವ ಶೆಡ್ಡಿಗೆ ನಡೆದರು. ಚಂದ್ರಲೇಖಾ ಹಿತ್ತಲಿನಲ್ಲಿ ಬಟ್ಟೆ ಒಗೆಯುತ್ತಿದ್ದಳು. ಸ್ಟೌ ಹಚ್ಚುವ ಸದ್ದು ಕೇಳಿಸಲಿಲ್ಲ. ಬಹಳ ಹೊತ್ತಾದರೂ ಕೇಳಿಸಲಿಲ್ಲ. ಬಗ್ಗಿ ನೋಡಿದಳು. ಮಾವ ಸ್ಟೂಲಿನ ಮೇಲೆ ಕೂತು ಒಂದು ಗಾಳದ ಕೊಕ್ಕೆಯನ್ನು ಹೆಬ್ಬೆರಳಿನಿಂದ ಒತ್ತಿದರು. ಒಳ್ಳೆಯ ಗಾಳ ಬಾಗಿ ಮತ್ತೆ ಪುಟಿಯಬೇಕು. ಇದು ಬಾಗಿದ್ದು ಬಾಗಿದಂತೆಯೇ ನಿಂತಿತು. ಇನ್ನೊಂದನ್ನು ಒತ್ತಿದರು. ಅದೂ ನಿಂತಿತು. ಬೆಂಚಿನ ಮೇಲೆ ಆಗಲೇ ಹತ್ತಿಪ್ಪತ್ತು ಗಾಳಗಳು ಕಡ್ಡಿಯಂತೆ ನೆಟ್ಟಗೆ ಬಿದ್ದಿದ್ದವು.

"ಚಂದ್ರಾ" ಎಂದು ಕರೆದರು. "ಇವು ಎಲ್ಲಿಂದ ಬಂದ್ವು?"

"ಜಗನ್ ಅಂಗಡಿಯಿಂದ."

"ಜಗನ್ನು ಸುಟ್ಟ ಗಾಳ ಮಾರ್ತಾನಾ?"

ಅವಳು ಸೋಪಿನ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಬೆಂಕಿ ಕಂಡ್ರೆ ಗಾಳದ ಜೀವ ಹೋಗ್ತದೆ ಕಣಮ್ಮ. ಇವು ಬೆಂಕಿ ಕಂಡವೆ. ನನ್ ಬಾಣಲೇನೂ ಯಾರೋ ಮುಟ್ಟವ್ರೆ, ಅಂಚಿನಾಗೆ ಸೀಸ ಐತೆ. ನಾನು ಅಂಚಿಗೆ ಬಿಡೋನಲ್ಲ."

ಸುಳ್ಳು ಇನ್ನೂ ಒಂದು ಹೆಜ್ಜೆ ನಡೆಯಬಹುದಿತ್ತೇನೋ. ಆದರೆ ಅವರ ಮುಖ ನೋಡಿದ ಮೇಲೆ ಅವಳು ಅದನ್ನು ಬಿಟ್ಟಳು. ದೀಪಾವಳಿಯಿಂದ ಶುರು ಮಾಡಿ ಎಲ್ಲವನ್ನೂ ಹೇಳಿದಳು. ಒಗೆಯುವ ಕಲ್ಲಿನ ಮೇಲೆ ನೀರು ಸುರಿಯುತ್ತಲೇ ಇತ್ತು. ಕುಮಾರೇಶ ಬಂದು ನಲ್ಲಿ ನಿಲ್ಲಿಸಿದ, ಇಬ್ಬರನ್ನೂ ನೋಡಿದ, ಹೆಲ್ಮೆಟ್ ತೆಗೆದುಕೊಂಡು ಹೊರಗೆ ಹೋದ.

"ಹಂಗಾರೆ ದೀಪಾವಳಿಯಿಂದ ಒಂದೂ ಹೋಗಿಲ್ವಾ?" ಎಂದರು ಮಾವ.

"ಇಲ್ಲ ಮಾವ."

"ಒಂದೂ?"

"ಒಂದೂ ಇಲ್ಲ."

ಬೈಯುತ್ತಾರೆ ಎಂದುಕೊಂಡಿದ್ದಳು. ಬೈದಿದ್ದರೆ ಚೆನ್ನಾಗಿತ್ತು. ಅವರು ಎದ್ದು ಒಳಗೆ ಹೋಗಿ, ಊರಿಗೆ ಹೋಗುವ ಮೊದಲು ಎರೆದಿಟ್ಟಿದ್ದ ಜಿಗ್ಗುಗಳ ಡಬ್ಬಿ ತಂದು ಜಗಲಿಯ ಮೇಲೆ ಬಿಸಿಲಿಗೆ ಸುರಿದರು.

"ಅರವತ್ತು ಐತೆ. ಕೂತ್ಕೊಂಡು ನೋಡು."

"ಏನ್ ನೋಡ್ಲಿ ಮಾವ?"

"ನಿನ್ ಫ್ಯಾಕ್ಟ್ರಿನಾಗೆ ಹೆಂಗ್ ನೋಡ್ತೀಯೋ ಹಂಗೆ. ಮಾವ ಅಂತ ನೋಡ್ಬ್ಯಾಡ."

ಅವಳು ಕೂತಳು. ಒಂದನ್ನು ಎತ್ತಿ ಬೆಳಕಿಗೆ ತಿರುಗಿಸಿ ಎಡಕ್ಕಿಟ್ಟಳು. ಇನ್ನೊಂದನ್ನು ಎತ್ತಿ ಎಡಕ್ಕಿಟ್ಟಳು. ಕಣ್ಣು ತುಂಬಿ ಬಂದರೆ ತಪ್ಪು ಕಾಣುವುದಿಲ್ಲ, ಹಾಗಾಗಿ ಅಳಲೂ ಇಲ್ಲ. ಮೊದಮೊದಲು ಮಾವ ಪ್ರತಿಯೊಂದಕ್ಕೂ "ಯಾಕೆ?" ಎಂದು ಕೇಳಿದರು. "ಕಣ್ಣು ಮುಚ್ಚೈತೆ." "ಅಚ್ಚು ತಣ್ಣಗಿತ್ತು, ಸುಕ್ಕು ಬಿದ್ದೈತೆ." "ಎರಡು ಸಲ ಹೊಯ್ದೀರಿ, ನೋಡಿ ಇಲ್ಲಿ ಗೆರೆ." ಇಪ್ಪತ್ತರ ಹೊತ್ತಿಗೆ ಅವರು ಕೇಳುವುದನ್ನು ನಿಲ್ಲಿಸಿದರು. ಗೆರೆ ಅವರಿಗೂ ಕಾಣುತ್ತಿತ್ತು. ಕೈಯ ಜೊತೆ ಕಣ್ಣೂ ಮಂಜಾಗಿದೆ ಎಂದು ಅವಳು ಇಷ್ಟು ದಿನ ಅಂದುಕೊಂಡಿದ್ದಳು. ಹಾಗಿರಲಿಲ್ಲ. ನೋಡಲು ಅವರಿಗೆ ಧೈರ್ಯ ಇರಲಿಲ್ಲ, ತೋರಿಸಲು ಅವಳಿಗೆ.

ಕೊನೆಗೆ ಬಲಕ್ಕೆ ನಾಲ್ಕು ಉಳಿದವು.

"ಅರವತ್ತಕ್ಕೆ ನಾಲ್ಕು" ಎಂದರು ಮಾವ. "ನಿಮ್ಮಲ್ಲಿ ಹಿಂಗ್ ಬಂದ್ರೆ ಏನ್ ಮಾಡ್ತೀರಾ?"

"ಲಾಟ್ ಪೂರ್ತಿ ರಿಜೆಕ್ಟ್ ಮಾವ."

"ಆ ನಾಲ್ಕೂವೆ?"

"ನಾಲ್ಕೂವೆ. ಅದೃಷ್ಟಕ್ಕೆ ಸರಿ ಬಂದಿರ್ತಾವೆ, ನಂಬಕ್ಕಾಗಲ್ಲ ಅಂತ ರೂಲು."

"ಸರಿಯಾದ ರೂಲು. ಫೌಂಡ್ರಿನಾಗೆ ನಾನೂ ಅದೇ ಹೇಳ್ತಿದ್ದೆ" ಎಂದರು. ಆ ನಾಲ್ಕನ್ನೂ ಎಡಕ್ಕೆ ತಳ್ಳಿ, "ಹಂಗಾರೆ ಒಡ್ದುಬುಡಾಣ. ಹೆಂಗ್ ಒಡೀತಿದ್ದೆ ತೋರ್ಸು" ಎಂದರು.

ಆ ಮಧ್ಯಾಹ್ನ ಇಬ್ಬರೂ ಸೇರಿ ಅರವತ್ತನ್ನೂ ಒಡೆದರು. ಮಾವ ಮೊದಲಿಗೆ ತಾವೇ ಚಾಕು ಹಿಡಿದರು, ಅದು ಸೀಸದ ಮೇಲೆ ನಿಲ್ಲಲಿಲ್ಲ. ಮಾತ್ರೆಯ ಹೊತ್ತು ಮೀರಿತ್ತು. ಕಡೆಗೆ ಅವರು ಬೆಂಚಿನ ವೈಸಿಗೆ ಜಿಗ್ಗು ಕಚ್ಚಿಸಿ ಹಿಡಿ ತಿರುಗಿಸುವುದು, ಅವಳು ಗೀರಿ ಅಮುಕುವುದು ಎಂದಾಯಿತು. ಅವಳು ಬಿಡಿಸಿದ ಗಾಳವೊಂದನ್ನು ಅಂಗೈಯಲ್ಲಿಟ್ಟುಕೊಂಡು ಅವರು ಬಹಳ ಹೊತ್ತು ನೋಡಿದರು. ಅಂಗೈ ನಡುಗಿ ಗಾಳ ಕುಣಿಯುತ್ತಿತ್ತು.

"ಒಂದ್ ಗೀರೂ ಬಿದ್ದಿಲ್ಲ. ಬೆಂಕಿಗಾಕದೆ ಬಿಡ್ಸೋದು ಸುಲಭ ಅಲ್ಲ. ನಿನ್ ಕೈ ಒಳ್ಳೇದೈತೆ ಕಣಮ್ಮ" ಎಂದರು.

ಆ ದಿನದಲ್ಲಿ ಅವಳಿಗೆ ಸಿಕ್ಕ ಒಳ್ಳೆಯ ಮಾತು ಅದೊಂದೇ. ಅದನ್ನು ಕೇಳಿ ಅವಳಿಗೆ ಎಲ್ಲಿಲ್ಲದ ನಾಚಿಕೆಯಾಯಿತು. ಕೂಡಲೇ ಒಂದು ಆಸೆಯೂ ಹುಟ್ಟಿತು. "ನಾನು ಹೊಯ್ತೀನಿ ಮಾವ. ನೀವು ಪಕ್ಕದಾಗೆ ಕೂತು ಹೇಳಿಕೊಡಿ. ಬಣ್ಣ ನೋಡಿ ಹೇಳಿ ಸಾಕು" ಎಂದಳು.

ಮಾವ ವೈಸಿನ ಹಿಡಿಯಿಂದ ಕೈ ತೆಗೆದರು. "ಬ್ಯಾಡ ಕಣಮ್ಮ. ನಿಂಗೆ ಜಿಗ್ಗು ಬೇಕಾಗಿಲ್ಲ. ನಂಗೋಸ್ಕರ ಮಾಡ್ತೀಯ. ಅದೂ ನೀನ್ ಕದ್ದು ಒಡೆಯೋದು ಇದ್ದಂಗೇ."

ಅವಳು ಬೆಂಚಿನ ಮೇಲಿನ ಸೀಸದ ಚೂರುಗಳನ್ನು ಡಬ್ಬಿಗೆ ಗುಡಿಸಿದಳು.

ಮುಂದಿನ ಭಾನುವಾರ ಅವರು ಹೇಳಿದಂತೆಯೇ ಅಚ್ಚು, ಸೀಸ, ಬಾಣಲೆ ಎಲ್ಲವನ್ನೂ ಗುಜರಿಯವನು ಒಯ್ದ. ಅಲ್ಯೂಮಿನಿಯಂ ಅಚ್ಚಿನೊಳಗೆ ಕೊರೆದ ಮೀನಿನ ತಲೆಗಳನ್ನು ನೋಡಿ "ಇದೇನಿದು?" ಎಂದು ಕೇಳಿದವನು, ಉತ್ತರಕ್ಕೆ ಕಾಯದೆ ತಕ್ಕಡಿಗೆ ಎಸೆದ. ಮಾವ ಜಗಲಿಯಲ್ಲೇ ಕೂತು ನೋಡುತ್ತಿದ್ದರು. ಸುಟ್ಟ ಗಾಳಗಳೂ ಕಬ್ಬಿಣದ ಜೊತೆ ಹೋದವು. ಅವಳು ತಣ್ಣಗೆ ಬಿಡಿಸಿದ ಎಂಬತ್ತು ಗಾಳಗಳು ಮಾತ್ರ ಒಂದು ಉಪ್ಪಿನಕಾಯಿ ಜಾಡಿಯಲ್ಲಿ ಉಳಿದವು. ಇವು ಒಳ್ಳೆಯವು, ಯಾರಾದರೂ ಬಳಸಲಿ ಎಂದು ಮಾವ ಹೇಳಿದ್ದರಿಂದ ಅವಳು ಕೃಷ್ಣಗಿರಿ ಬಸ್ಸು ಹತ್ತಿದಳು.

ಜಗನ್ ಒಂದನ್ನು ಉಗುರಿನ ಮೇಲೆ ಒರೆದು ನೋಡಿದ. "ಗಾಳ ನಲ್ಲಾತಾನ್ ಇದೆ, ಒಳ್ಳೇದೇ ಅಕ್ಕಾ. ಆದ್ರೆ ಕಂಪನಿ ಪ್ಯಾಕೆಟ್ ಇಲ್ದೆ ಯಾರೂ ತಗಳಲ್ಲ" ಎಂದು ಜಾಡಿ ವಾಪಸು ಕೊಟ್ಟ. ಪೆರಿಯವರು ಹೇಗಿದ್ದಾರೆ ಎಂದು ಕೇಳಿದ. ಚೆನ್ನಾಗಿದ್ದಾರೆ ಎಂದಳು.

ಅಲ್ಲಿಂದ ಡ್ಯಾಮಿನವರೆಗೆ ಷೇರ್ ಆಟೋದಲ್ಲಿ ಹೋದಳು. ದಡದಲ್ಲಿ ಇಬ್ಬರು ಗಂಡಸರು ಜಿಲೇಬಿ ಮೀನಿಗೆ ಗಾಳ ಹಾಕಿ ಕೂತಿದ್ದರು. ಜಾಡಿ ಮುಂದೆ ಹಿಡಿದು, ದುಡ್ಡು ಬೇಡ, ಸುಮ್ಮನೆ ಇಟ್ಟುಕೊಳ್ಳಿ ಎಂದಳು. ಒಬ್ಬ ಐದಾರು ಎತ್ತಿಕೊಂಡ. ಇನ್ನೊಬ್ಬ ಅವಳನ್ನು ಮೇಲಿನಿಂದ ಕೆಳಗೆ ನೋಡಿ, "ಯಾರಾದ್ರೂ ಸತ್ತವರದಾ?" ಎಂದು ಕೇಳಿದ. ಅಲ್ಲ ಎಂದು ತಲೆ ಆಡಿಸಿದಳು. ಅವನಿಗೆ ನಂಬಿಕೆ ಬರಲಿಲ್ಲ, ಕೈ ಚಾಚಲಿಲ್ಲ. ಮೊದಲಿನವನೂ ಎತ್ತಿಕೊಂಡಿದ್ದನ್ನು ಒಂದೊಂದಾಗಿ ಜಾಡಿಗೆ ಹಾಕಿಬಿಟ್ಟ. ಅವಳು ಜಾಡಿಯನ್ನು ಅಲ್ಲೇ ಕಲ್ಲಿನ ಮೇಲಿಟ್ಟು ಹಿಂದಿರುಗಿ ನೋಡದೆ ಬಂದಳು. ಮನೆಗೆ ಬಂದಾಗ ಮಾವ ಏನನ್ನೂ ಕೇಳಲಿಲ್ಲ.

ಕೇಳುವುದನ್ನೇ ಅವರು ಬಿಟ್ಟಿದ್ದರು. ಬೇಸಿಗೆ ಕಳೆಯುವಷ್ಟರಲ್ಲಿ ಎಡಗೈಗೂ ನಡುಕ ಹತ್ತಿತು. ಟೀ ಅಂಗಡಿಗೆ ಹೋಗುವುದು ನಿಂತಿತು, ಗಾಜಿನ ಲೋಟ ಹಿಡಿಯಲಾಗದು ಎಂದು. ಅಂಗಿಯ ಗುಂಡಿ ಹಾಕಲು ಬಿಡದೆ ಮಗನ ಮೇಲೆ ರೇಗುತ್ತಿದ್ದವರು ಈಗ ಕುಮಾರೇಶ ಬಂದರೆ ಸುಮ್ಮನೆ ಎದೆ ಒಡ್ಡಿ ನಿಲ್ಲುತ್ತಿದ್ದರು. ಚಮಚದಲ್ಲಿ ಉಣ್ಣಿಸಿದರೆ ಉಣ್ಣುತ್ತಿದ್ದರು, ಸಾಕಾ ಎಂದರೆ ಸಾಕು, ಇನ್ನಷ್ಟು ಎಂದರೆ ಇನ್ನಷ್ಟು. "ಈಗ ನೋಡು, ಎಷ್ಟು ನೆಮ್ಮದಿಯಾಗವ್ರೆ. ಮೊದ್ಲೇ ಹೇಳಿದ್ರೆ ಇಷ್ಟೆಲ್ಲಾ ಇರ್ತಿರ್ಲಿಲ್ಲ" ಎಂದ ಕುಮಾರೇಶ. ಅವನು ನಿಜವಾಗಿಯೂ ಹಾಗೆಯೇ ನಂಬಿದ್ದ. ನಾಲ್ಕೈದು ತಿಂಗಳು ಸುಳ್ಳು ಹೇಳಿದ್ದು ತಪ್ಪೋ, ಇಪ್ಪತ್ತೊಂದನೇ ಜಿಗ್ಗಿಗೆ ದಣಿದು ಸುಳ್ಳನ್ನು ಕೈಬಿಟ್ಟಿದ್ದು ತಪ್ಪೋ, ಅವಳಿಗೆ ಬಗೆಹರಿಯಲಿಲ್ಲ. ಯಾವುದು ತಪ್ಪೆಂದು ತಿಳಿದರೂ ಮಾವನ ಕೈಗೆ ಬೇರೆ ಕೆಲಸ ಕೊಡುವುದು ಅವಳಿಂದ ಆಗುತ್ತಿರಲಿಲ್ಲ.

ಆಷಾಢದ ಹೊತ್ತಿಗೆ, ಆಡಿ ತಿಂಗಳ ಮೊದಲ ವಾರ ಅವಳು ಸೂಪರ್‌ವೈಸರ್ ಹತ್ತಿರ ಹೋಗಿ ತನ್ನನ್ನು ಸೆಕೆಂಡ್ ಶಿಫ್ಟಿಗೆ ಹಾಕಿ ಎಂದು ಕೇಳಿದಳು. ಯಾರೂ ಬೇಡವೆನ್ನುವ ಶಿಫ್ಟು ಅದು. ಫಸ್ಟ್ ಶಿಫ್ಟಾದರೆ ಮೂರಕ್ಕೇ ಮನೆ ಸೇರಿ, ಖಾಲಿ ಕೈಯಲ್ಲಿ ಕೂತ ಮಾವನೆದುರು ಆ ಎರಡು ಗಂಟೆ ಕಳೆಯಬೇಕಿತ್ತು. ಅವನು ಆಶ್ಚರ್ಯದಿಂದ ನೋಡಿ, "ಏನ್ ಮೇಡಂ, ಮನೇಲಿ ಸಂಜೆ ಹೊತ್ತು ಯಾರು ನೋಡ್ಕೊಳ್ತಾರೆ?" ಎಂದ.

"ನಮ್ಮನೆಯವ್ರು ಇರ್ತಾರೆ" ಎಂದಳು.

ಸೋಮವಾರದಿಂದ ಅವಳು ಮಧ್ಯಾಹ್ನ ಒಂದೂವರೆಗೆ ಹೊರಡತೊಡಗಿದಳು. ಆ ಹೊತ್ತಿಗೆ ಮಾವ ಊಟವಾಗಿ ಮಲಗಿರುತ್ತಿದ್ದರು. ಬಾಗಿಲು ಎಳೆದುಕೊಂಡು, ತಾನು ಕೆಲಸಕ್ಕೆ ಹೊರಡುವ ಸದ್ದು ಅವರಿಗೆ ಕೇಳಬಾರದೆಂದು ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಗೇಟಿನ ತನಕ ಬರಿಗಾಲಲ್ಲಿ ನಡೆದು, ಅಲ್ಲಿ ಮೆಟ್ಟಿಕೊಂಡು ಬಸ್ಸಿಗೆ ಓಡುತ್ತಿದ್ದಳು.